ಒಂದೇ ಪುಸ್ತಕ, ಹತ್ತು ಪ್ರತಿ: ಗಡಿ ಊರಿಗೆ ಒಗ್ಗುವ ಓದಿನ ಚೀಲ

ಕೊಲ್ಹಾಪುರ: ವಾಚನಾಲಯಕ್ಕೆ ಹೋಗಿ ಒಂದು ಪುಸ್ತಕ ತರುವುದು ಎಲ್ಲರಿಗೂ ರೂಢಿ. ಆದರೆ ಒಂದೇ ಪುಸ್ತಕದ ಎಂಟು-ಹತ್ತು ಪ್ರತಿಗಳನ್ನು ಚೀಲದಲ್ಲಿ ಹಾಕಿ ಎರವಲು ಕೊಡುವ ಪದ್ಧತಿಯೂ ಇದೆ. ಅಮೆರಿಕ, ಬ್ರಿಟನ್‌ಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇದಕ್ಕೆ 'ಬುಕ್ ಕ್ಲಬ್ ಕಿಟ್' ಎನ್ನುತ್ತಾರೆ. ಪುಸ್ತಕದ ಜೊತೆಗೆ ಲೇಖಕರ ಪರಿಚಯ ಮತ್ತು ಚರ್ಚೆಗೆ ಪ್ರಶ್ನೆಗಳ ಹಾಳೆ ಇರುತ್ತದೆ. ಗುಂಪಿನ ಒಬ್ಬರ ಹೆಸರಿಗೆ ಚೀಲ ಕೊಡುತ್ತಾರೆ. ಎಲ್ಲರೂ ಓದಿ, ಒಂದು ದಿನ ಕೂಡಿ ಮಾತಾಡಿ, ಚೀಲ ಮರಳಿಸುತ್ತಾರೆ.

ಪುಸ್ತಕವೇ ಊರಿಗೆ ಬರುವುದು ಈ ಕಡೆಯವರಿಗೆ ಹೊಸದಲ್ಲ. ಬರೋಡಾ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಅವರನ್ನು ಕರೆಸಿ ಗ್ರಂಥಾಲಯ ವ್ಯವಸ್ಥೆ ಕಟ್ಟಿಸಿದರು. ಆಗ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹಳ್ಳಿಗೆ ಹೋಗುತ್ತಿದ್ದವು. ನಾಸಿಕದ ಕುಸುಮಾಗ್ರಜ ಪ್ರತಿಷ್ಠಾನದ ಮೂಲಕ ವಿನಾಯಕ ರಾನಡೆ ಅವರು 2009ರಲ್ಲಿ 'ಗ್ರಂಥ ತುಮಚ್ಯಾ ದಾರಿ' ಆರಂಭಿಸಿದರು. ಇದರಲ್ಲಿ ಓದುಗರ ಗುಂಪಿಗೆ ಮರಾಠಿ ಪುಸ್ತಕಗಳ ಪೆಟ್ಟಿಗೆ ಸಿಗುತ್ತದೆ. ಓದಿ ಮುಗಿದ ಮೇಲೆ ಪೆಟ್ಟಿಗೆ ಬದಲಾಗುತ್ತದೆ.

ಪೆಟ್ಟಿಗೆಗೂ ಕಿಟ್‌ಗೂ ಒಂದು ವ್ಯತ್ಯಾಸವಿದೆ. ಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಕಿಟ್‌ನಲ್ಲಿ ಎಲ್ಲರಿಗೂ ಅದೇ ಪುಸ್ತಕ. ಆದ್ದರಿಂದಲೇ ಕೂತು ಮಾತಾಡಲು ವಿಷಯ ಸಿಗುತ್ತದೆ.

ಗಡಿ ಭಾಗಕ್ಕೆ ಇದು ಯಾಕೆ ಮುಖ್ಯ? ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ, ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಮನೆಮಾತು ಕನ್ನಡವಾದರೂ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುವ ಮನೆಗಳಿವೆ. ಅಜ್ಜಿ ಓದುವ ಅಕ್ಷರ ಮೊಮ್ಮಗಳಿಗೆ ಬರುವುದಿಲ್ಲ. ಮಾತು ಒಂದೇ, ಓದು ಬೇರೆ. ಅಂಥ ಮನೆಗೆ ಐದು ಕನ್ನಡ, ಐದು ಮರಾಠಿ ಪ್ರತಿಗಳ ಚೀಲ ಒಗ್ಗುತ್ತದೆ.

ಅದಕ್ಕೆ ಬೇಕಾದ ಪುಸ್ತಕಗಳೂ ಇವೆ. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಮರಾಠಿಗೆ ತಂದ ಉಮಾ ಕುಲಕರ್ಣಿ ಅವರಿಗೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂದಿದೆ. 'ಪರ್ವ'ವನ್ನೂ ಅವರೇ ಅನುವಾದಿಸಿದ್ದಾರೆ. ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ಮರಾಠಿಗೆ ತಂದವರು ವಿಜಯ ತೆಂಡುಲ್ಕರ್. ದಪ್ಪ ಕಾದಂಬರಿಗೆ ಪುರುಸೊತ್ತಿಲ್ಲದವರು ನಾಟಕದಿಂದ ಶುರು ಮಾಡಬಹುದು. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಅಕ್ಷರ ಬಾರದವರೂ ಕೇಳುತ್ತಾರೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1945ರಲ್ಲಿ ಬಂದದ್ದೇ ಕೊಲ್ಹಾಪುರ ಸಂಸ್ಥಾನದಲ್ಲಿ. ಇಲ್ಲಿನ ಕರವೀರ ನಗರ ವಾಚನ ಮಂದಿರ 1850ರಷ್ಟು ಹಳೆಯದು. ಈಗ ಇರುವುದು ಮಹಾರಾಷ್ಟ್ರದ 1967ರ ಕಾಯ್ದೆ. ಇದರಂತೆ ಹೆಚ್ಚಿನ ವಾಚನಾಲಯಗಳನ್ನು ಊರಿನ ಸಂಸ್ಥೆಗಳೇ ನಡೆಸುತ್ತವೆ. ಸರಕಾರ ದರ್ಜೆ ನೋಡಿ ಅನುದಾನ ಕೊಡುತ್ತದೆ. ಹಾಗಾಗಿ ಸದಸ್ಯರ ಮಾತು ನೇರವಾಗಿ ಊರಿನ ಸಮಿತಿಗೇ ಮುಟ್ಟುತ್ತದೆ.

ಮಾಡಬೇಕಾದದ್ದು ಇಷ್ಟೆ. ಹತ್ತು ಸದಸ್ಯರು ಸಹಿ ಮಾಡಿ, ಯಾವ ಪುಸ್ತಕ, ಯಾವ ಭಾಷೆಯ ಎಷ್ಟು ಪ್ರತಿ ಎಂದು ಬರೆದು ಅರ್ಜಿ ಕೊಡಬೇಕು. ಪ್ರತಿಗೆ 200 ರೂ. ಹಿಡಿದರೂ ಒಂದು ಚೀಲಕ್ಕೆ 2,000 ರೂ. ಆಗುತ್ತದೆ. ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರದ ವಾಚನಾಲಯಗಳು ಒಂದೊಂದು ಚೀಲ ಮಾಡಿ ಅದಲುಬದಲು ಮಾಡಿಕೊಂಡರೆ ಒಂದರ ಖರ್ಚಿನಲ್ಲಿ ಮೂರು ಸಿಗುತ್ತವೆ. ಪ್ರತಿ ಕಳೆದರೆ ಯಾರು ತುಂಬಿಕೊಡಬೇಕು ಎಂಬುದನ್ನು ಮೊದಲೇ ಬರೆದಿಡುವುದು ಒಳ್ಳೆಯದು. ಕೂಡಲು ಬೇರೆ ಜಾಗ ಹುಡುಕಬೇಕಿಲ್ಲ. ಬಚತ್ ಗಟದ ಸಭೆ ನಡೆಯುವ ಕಟ್ಟೆಯೇ ಸಾಕು.