ಎಣ್ಣೆ ತೀರಿದ ದೀಪ

‘ಡಾಕ್ಟ್ರೇ, ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕಿಬಿಡಿ. ಮೈಯಲ್ಲಿ ಶಕ್ತಿಯೇ ಇಲ್ಲ.’

ಹೀಗೆನ್ನುತ್ತಾ ಬಂದವರು ಒಬ್ಬ ಹೈಸ್ಕೂಲ್ ಶಿಕ್ಷಕಿ. ವಯಸ್ಸು 47, ಸರ್ವಿಸು 22 ವರ್ಷ. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಎಲ್ಲವೂ ಸರಿಯಾಗಿಯೇ ಇದ್ದವು. ವರದಿ ನೋಡಿ ಅವರಿಗೆ ಸಮಾಧಾನವಾಗುವ ಬದಲು ನಿರಾಸೆಯಾಯಿತು. ‘ಹಾಗಾದರೆ ನನಗೆ ಬಂದಿರೋದು ಸೋಮಾರಿತನವೇ?’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಮೊದಲೆಲ್ಲ ಜೂನ್ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳ ಹೆಸರೂ ಬಾಯಿಗೆ ಬರುತ್ತಿತ್ತು. ಈ ಸಲ ದಸರಾ ರಜೆ ಮುಗಿದರೂ ಎರಡನೇ ಬೆಂಚಿನ ಕೊನೆಯವನು ಅಂತಲೇ ಕರೀತಿದ್ದೀನಿ. ಹೆಸರು ತಿಳ್ಕೋಬೇಕು ಅಂತಲೂ ಅನ್ನಿಸೋಲ್ಲ.’

ಈ ಮಾತು ನನಗೆ ನಾಟಿತು. ಎಂಬಿಬಿಎಸ್ ಮುಗಿಸಿ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ನಾನೂ ರೋಗಿಗಳನ್ನು ‘ಮೂರನೇ ಹಾಸಿಗೆಯ ಹೊಟ್ಟೆನೋವು’ ಎಂದೇ ಕರೆಯುತ್ತಿದ್ದೆ. ರಾತ್ರಿ ಪಾಳಿ ಮುಗಿದರೆ ಅದರ ಬೆನ್ನಿಗೇ ಹಗಲು ಪಾಳಿ. ಒಂದು ಬೆಳಗ್ಗೆ ವೃದ್ಧರೊಬ್ಬರು ತೀರಿಕೊಂಡರು. ಮಗ ಎದುರಿಗೇ ನಿಂತಿದ್ದ. ನನ್ನ ಮನಸ್ಸಿಗೆ ಮೊದಲು ಬಂದದ್ದು ‘ಸದ್ಯ, ಒಂದು ಹಾಸಿಗೆ ಖಾಲಿಯಾಯಿತು’ ಎಂಬುದು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹಾಗೆ ಅನ್ನಿಸಿದ್ದು ನಿಜ. ನಾನು ಕೆಟ್ಟವನಾಗಿಬಿಟ್ಟೆನೇ ಎಂದು ಬಹಳ ದಿನ ಹೆದರಿದ್ದೆ. ಈ ಸ್ಥಿತಿಗೊಂದು ಹೆಸರಿದೆ ಎಂದು ನನಗೆ ತಿಳಿದದ್ದು ಎಷ್ಟೋ ತಡವಾಗಿ.

ಆ ಹೆಸರು ಬರ್ನ್‌ಔಟ್. ಎಣ್ಣೆ ತೀರಿದ ದೀಪದಲ್ಲಿ ಬತ್ತಿಯೇ ಸುಟ್ಟು ಕರಕಾಗುತ್ತದಲ್ಲ, ಹಾಗೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಈ ಬಗ್ಗೆ ಪ್ರಬಂಧ ಬರೆದರು. ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಅವರು, ತುಂಬ ನಿಷ್ಠೆಯಿಂದ ಕೆಲಸಕ್ಕೆ ಇಳಿದವರೇ ಹೀಗೆ ಬಸವಳಿಯುವುದನ್ನು ಕಣ್ಣಾರೆ ಕಂಡಿದ್ದರು. ಮುಂದೆ ಅಮೆರಿಕದವರೇ ಆದ ಕ್ರಿಸ್ಟಿನಾ ಮ್ಯಾಸ್ಲಾಕ್, ಸೂಸನ್ ಜಾಕ್ಸನ್ ಅವರೊಡನೆ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮುಖ್ಯ ಲಕ್ಷಣಗಳು ಮೂರು. ನಿದ್ದೆ ಮಾಡಿ ಎದ್ದರೂ ಹೋಗದ ದಣಿವು. ಕೆಲಸದ ಬಗ್ಗೆ, ಎದುರಿಗಿರುವ ಮನುಷ್ಯರ ಬಗ್ಗೆ ಒಂದು ಬಗೆಯ ಜಡತೆ, ಕೊಂಕು. ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ದಣಿವನ್ನು ಎಲ್ಲರೂ ಗುರುತಿಸುತ್ತಾರೆ, ಎರಡನೆಯದನ್ನು ಮನೆಯವರು ‘ಸಿಡುಕು’ ಎಂದು ತಳ್ಳಿಹಾಕುತ್ತಾರೆ. ನನ್ನನ್ನು ಕೇಳಿದರೆ ಎಚ್ಚರಿಕೆಯ ಗಂಟೆ ಅದೇ.

ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ರೋಗಪಟ್ಟಿಯಲ್ಲಿ ಇದನ್ನು ರೋಗವೆಂದು ಕರೆದಿಲ್ಲ. ಉದ್ಯೋಗದಲ್ಲಿ ಬಹುಕಾಲ ನಿಭಾಯಿಸಲಾಗದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿದೆ. ಇದು ಬರೀ ಪದಗಳ ಜಗಳವಲ್ಲ. ಕಾರಣ ಕೆಲಸದಲ್ಲಿದ್ದರೆ ಟಾನಿಕ್ಕು ಏನು ಮಾಡೀತು?

ಹೆಚ್ಚು ದುಡಿದರೆ ಹೀಗಾಗುತ್ತದೆ ಎಂದು ನೀವು ಹೇಳಬಹುದು. ಅಷ್ಟೇ ಅಲ್ಲ. ನಮ್ಮ ಶಿಕ್ಷಕಿಯನ್ನೇ ಕೇಳಿದೆ: ‘ಮೇಡಂ, ಖುಷಿಯಿಂದ ದುಡಿದ ದಿನ ಯಾವುದು?’ ಅವರ ಮುಖ ಅರಳಿತು. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಮಾಡಿಸುತ್ತ ಸಂಜೆ ಏಳರವರೆಗೆ ಶಾಲೆಯಲ್ಲೇ ಇರುತ್ತಿದ್ದರಂತೆ, ಹಾಡು ಗುನುಗುತ್ತ ಮನೆಗೆ ಬರುತ್ತಿದ್ದರಂತೆ. ಈಗ ನಾಲ್ಕೂವರೆಗೇ ಮನೆ ಸೇರಿದರೂ ಮಾತಾಡಲು ಉಸಿರಿಲ್ಲ. ಗಣತಿ, ಚುನಾವಣೆಯ ಕೆಲಸ, ಕಂಪ್ಯೂಟರಿಗೆ ಅಂಕಿಅಂಶ ತುಂಬುವುದು, ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಪಾಠ. ಯಾವುದರ ಮೇಲೂ ತನ್ನ ಹಿಡಿತವಿಲ್ಲ, ಮಾಡಿದ್ದಕ್ಕೆ ‘ಸರಿ’ ಎನ್ನುವವರೂ ಇಲ್ಲ. ಹಾಲೆಂಡಿನ ವಿಲ್ಮರ್ ಶೌಫೆಲಿ ಮುಂತಾದವರು ಬರ್ನ್‌ಔಟ್‌ಗೆ ವಿರುದ್ಧವಾದ ಸ್ಥಿತಿಯಲ್ಲೂ ಮೂರು ಗುಣಗಳನ್ನು ಗುರುತಿಸಿದ್ದಾರೆ: ಹುರುಪು, ನಿಷ್ಠೆ, ತನ್ಮಯತೆ. ನಾಟಕದ ದಿನಗಳಲ್ಲಿ ಈ ಮೂರೂ ಇದ್ದವು. ಅದೇ ಶಾಲೆ, ಅದೇ ಶಿಕ್ಷಕಿ.

ರಜೆ ಹಾಕಿದರೆ ಸಾಲದೇ? ಹಾಕಿ, ಖಂಡಿತ ಒಳ್ಳೆಯದು. ಆದರೆ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಅದರ ಫಲ ಕರಗುತ್ತದೆ. ಆದ್ದರಿಂದ ಕೆಲಸದಲ್ಲೇ ಏನಾದರೊಂದು ಬದಲಾಗಬೇಕು, ಚಿಕ್ಕದಾದರೂ ಸರಿ. ಯಾವ ಕೆಲಸವನ್ನು ಹಂಚಿಕೊಳ್ಳಬಹುದು, ಯಾವುದಕ್ಕೆ ‘ಆಗುವುದಿಲ್ಲ’ ಎನ್ನಬಹುದು, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವುದನ್ನು ವಾರಕ್ಕೊಮ್ಮೆಯಾದರೂ ಮತ್ತೆ ಮಾಡಬಹುದು ಎಂದು ಕಾಗದದ ಮೇಲೆ ಬರೆಯಿರಿ. ಮೇಲಧಿಕಾರಿಯ ಬಳಿ ‘ನನಗೆ ಸುಸ್ತು’ ಎನ್ನುವುದಕ್ಕಿಂತ ‘ಈ ಒಂದು ಕೆಲಸವನ್ನು ಇಬ್ಬರಿಗೆ ಹಂಚಿ’ ಎಂದು ಕೇಳುವುದು ಫಲ ಕೊಡುತ್ತದೆ.

ಇನ್ನು ಮಕ್ಕಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಉದ್ಯೋಗಕ್ಕೆ ಸೀಮಿತ. ಆದರೆ ಫಿನ್ಲೆಂಡ್ ಮೊದಲಾದ ದೇಶಗಳಲ್ಲಿ ವಿದ್ಯಾರ್ಥಿಗಳಲ್ಲೂ ಇದೇ ಚಿತ್ರವನ್ನು ಅಧ್ಯಯನ ಮಾಡಿದ್ದಾರೆ. ದೂರ ಹೋಗುವುದೇಕೆ, ದ್ವಿತೀಯ ಪಿಯುಸಿ ಓದುವ ಮಗ ಅಥವಾ ಮಗಳು ನಿಮ್ಮ ಮನೆಯಲ್ಲಿದ್ದರೆ ನೋಡಿ. ಬೆಳಗಿನ ಜಾವ ಟ್ಯೂಷನ್, ಹಗಲು ಕಾಲೇಜು, ಸಂಜೆ ನೀಟ್ ಕೋಚಿಂಗ್, ಭಾನುವಾರ ಟೆಸ್ಟ್. ಪುಸ್ತಕ ತೆರೆದಿರುತ್ತದೆ, ಹಾಳೆ ತಿರುಗುವುದಿಲ್ಲ. ‘ನೆನಪಿನ ಶಕ್ತಿಗೆ ಮಾತ್ರೆ ಕೊಡಿ’ ಎಂದು ತಂದೆತಾಯಿ ಬರುತ್ತಾರೆ. ‘ಎಷ್ಟು ಗಂಟೆ ನಿದ್ದೆ?’ ಎಂದರೆ ಐದು ಎಂಬ ಉತ್ತರ, ಅದೂ ಹೆಮ್ಮೆಯಿಂದ! ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಮಾತ್ರೆಯ ಬದಲು ಒಂದು ಟ್ಯೂಷನ್ ಬಿಡಿಸಿ. ಊಟಕ್ಕೆ ಕುಳಿತಾಗ ಅಂಕದ ಮಾತು ಬೇಡ, ಪಕ್ಕದ ಮನೆಯ ಹುಡುಗನ ಅಂಕವಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ. ಎಲ್ಲ ಸುಸ್ತೂ ಬರ್ನ್‌ಔಟ್ ಅಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇಲ್ಲವೆಂದು ಮೊದಲು ಖಚಿತವಾಗಲಿ. ಕೆಲಸದಿಂದ ದೂರವಿದ್ದಾಗಲೂ ಯಾವುದರಲ್ಲೂ ಸುಖ ಕಾಣದಿದ್ದರೆ, ಊಟ-ನಿದ್ದೆ ಕೆಟ್ಟು ಎರಡು ವಾರ ಕಳೆದರೂ ಮನಸ್ಸು ಮಂಕಾಗಿಯೇ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಮ್ಮ ಶಿಕ್ಷಕಿ ಮೂರು ತಿಂಗಳ ಮೇಲೆ ಮಂಡಿನೋವಿಗೆಂದು ಬಂದರು. ಕಂಪ್ಯೂಟರ್ ಕೆಲಸವನ್ನು ಮುಖ್ಯೋಪಾಧ್ಯಾಯರು ಮೂವರಿಗೆ ಹಂಚಿದ್ದಾರಂತೆ. ಶನಿವಾರ ಪಾಠ ಮುಗಿದ ಮೇಲೆ ಮಕ್ಕಳಿಗೆ ನಾಟಕ ಓದಿಸುತ್ತಿದ್ದಾರಂತೆ. ಗಣತಿಯ ಕೆಲಸ ಮಾತ್ರ ತಪ್ಪಿಲ್ಲ, ಅದನ್ನು ಬೈದುಕೊಂಡೇ ಮಾಡುತ್ತಾರೆ. ಹೋಗುವಾಗ ಬಾಗಿಲ ತನಕ ಹೋದವರು ಹಿಂದಿರುಗಿ ಬಂದು, ‘ಇರಲಿ ಡಾಕ್ಟ್ರೇ’ ಎಂದು ಒಂದು ಬಿ ಕಾಂಪ್ಲೆಕ್ಸ್ ಬರೆಸಿಕೊಂಡು ಹೋದರು.