ಓಲೆ ಬೆಸೆದ ನಂಟು

ಬಳಗವೆಂಬುದು ಹುಟ್ಟಿನಿಂದ ದೊರೆಯುತ್ತದೆ, ಹೆಣ್ಣು ಕೊಟ್ಟು ತರುವುದರಿಂದ ಬೆಳೆಯುತ್ತದೆ ಎಂಬುದು ನಮ್ಮ ನಾಡಿನ ಹಳೆಯ ನಂಬಿಕೆ. ಈ ಎರಡೂ ದಾರಿಗಳಿಗೆ ಸೇರದ ಮೂರನೆಯ ನಂಟೊಂದುಂಟು. ಮುಖ ನೋಡದೆ, ಮನೆಯ ಹೊಸಿಲು ತುಳಿಯದೆ, ಬರೆದ ಅಕ್ಷರಗಳಿಂದಲೇ ಬೆಳೆದು ಬರುವ ನಂಟು ಅದು. ಕರ್ನಾಟಕದ ಕ್ರೈಸ್ತ ಕುಟುಂಬಗಳ ಕಥೆಯಲ್ಲಿ ಈ ಮೂರನೆಯ ನಂಟಿಗೆ ದೊಡ್ಡ ಸ್ಥಾನವಿದೆ. ಅದರ ಕಾರಣವನ್ನು ಅರಿಯಬೇಕಾದರೆ ಆ ಮನೆಗಳು ಇರುವ ರೀತಿಯನ್ನು ಮೊದಲು ನೋಡಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆ ಉದಯವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕೆನಿಸಿದ್ದು ಇತ್ತೀಚೆಗೆ. ಒಂದು ಕಡೆ ಸೂಳೆಕೆರೆಯ ವಿಸ್ತಾರವಾದ ನೀರು, ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ. ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಒಣ ಹೊಲ. ಈ ಸೀಮೆಯಲ್ಲಿ ಮಠಗಳುಂಟು, ದರ್ಗಾಗಳುಂಟು, ಬಂಜಾರರ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವುಂಟು. ಇವುಗಳ ನಡುವೆ ಕ್ರೈಸ್ತರ ಮನೆಗಳು ಅಲ್ಲೊಂದು ಇಲ್ಲೊಂದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ 1.87, ದಾವಣಗೆರೆ ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲ.

ಒಂಟಿ ಮನೆಯ ದಿನಚರಿ

ಇಂತಹ ಮನೆಯ ದಿನಚರಿಯಲ್ಲಿ ನೆರೆಮನೆಗಿಂತ ಭಿನ್ನವಾದುದು ಅತ್ಯಲ್ಪ. ಬೆಳಗಿನ ನೀರು, ಹಾಲು, ಮಕ್ಕಳ ಶಾಲೆ, ಸಂತೆಯ ದಿನದ ಲೆಕ್ಕ, ರಾಗಿ ಅಕ್ಕಿಗಳ ಬೆಲೆ, ಎಲ್ಲವೂ ಒಂದೇ. ಊಟಕ್ಕೆ ಮುಂಚೆ ಒಂದು ನಿಮಿಷದ ಮೌನ, ರಾತ್ರಿ ಮಲಗುವ ಮುನ್ನ ಮನೆಮಂದಿಯೆಲ್ಲ ಕುಳಿತು ಮಾಡುವ ಪ್ರಾರ್ಥನೆ, ಕಥೋಲಿಕರಲ್ಲಿ ಜಪಮಾಲೆ, ಪ್ರಾಟೆಸ್ಟಂಟರಲ್ಲಿ ವೇದಪಾಠ, ಇಷ್ಟೇ ವ್ಯತ್ಯಾಸ. ಭಾನುವಾರದ ಆರಾಧನೆಗೆ ಕೆಲವರು ಬಸ್ಸು ಹಿಡಿದು ಬೇರೆ ಊರಿಗೆ ಹೋಗಬೇಕು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಸುತ್ತಲಿನ ಊರುಗಳಿಂದ ಜನ ಹೊರಡುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹುಮಂದಿ. ಡಿಸೆಂಬರ್ ಬಂದಾಗ ಮನೆಯ ಮುಂದೆ ನಕ್ಷತ್ರದ ದೀಪ, ಮೂಲೆಯಲ್ಲಿ ಹುಲ್ಲು ಹರಡಿದ ಗೋದಲಿ, ಒಲೆಯ ಮೇಲೆ ಕರ್ಜಿಕಾಯಿಯ ಬಾಣಲೆ. ಕರಿದ ತಿಂಡಿಯ ತಟ್ಟೆ ಮೊದಲು ಹೋಗುವುದು ನೆರೆಮನೆಗೆ. ಯುಗಾದಿಯ ಹೋಳಿಗೆ, ರಂಜಾನಿನ ಸಿಹಿ ಅದೇ ತಟ್ಟೆಯಲ್ಲಿ ಮರಳಿ ಬರುತ್ತದೆ. ಬರಿದಾದ ತಟ್ಟೆಯನ್ನು ಹಿಂದಿರುಗಿಸುವ ವಾಡಿಕೆ ಈ ಸೀಮೆಯಲ್ಲಿಲ್ಲ.

ನೆರೆಹೊರೆಯ ವಿಶ್ವಾಸಕ್ಕೆ ಕೊರತೆಯಿಲ್ಲದಿದ್ದರೂ ಕೆಲವು ಸಂಗತಿಗಳಲ್ಲಿ ಮನೆ ಒಂಟಿಯೇ. ಮಗಳಿಗೆ ವರನನ್ನು ನೋಡಬೇಕು. ಮಗುವಿನ ಜ್ಞಾನಸ್ನಾನಕ್ಕೆ ಹಿರಿಯರು ಬೇಕು. ಸಾವಿನ ರಾತ್ರಿ ಪರಿಚಿತವಾದ ಕೀರ್ತನೆಯನ್ನು ಹಾಡಲು ನಾಲ್ಕು ಕಂಠಗಳು ಬೇಕು. ಬಂಧುಗಳು ಶಿವಮೊಗ್ಗೆಯಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವವರು. ಹೀಗೆ ಚದುರಿದ ಮನೆಗಳನ್ನು ಒಂದು ಬಳಗವಾಗಿ ಹಿಡಿದಿಟ್ಟ ದಾರವೆಂದರೆ ಕಾಗದ. ಒಂದು ಮನೆಯ ಓಲೆಯನ್ನು ಇನ್ನೊಂದು ಮನೆಯವರು ಓದಿ, ಮೂರನೆಯವರಿಗೆ ಕೇಳಿಸಿ, ಕಂಡರಿಯದವರು ಅಕ್ಕತಂಗಿಯರಾಗುವ ಈ ರೂಢಿ ನಿನ್ನೆ ಮೊನ್ನೆಯದಲ್ಲ. ಅದರ ಬೇರು ಕನ್ನಡದ ಅಚ್ಚಿನ ಬೇರಿನೊಂದಿಗೇ ಹೆಣೆದುಕೊಂಡಿದೆ.

ಬಳ್ಳಾರಿಯ ದಾರಿ

ಜಗಳೂರಿನ ಬಡಗಣ ದಿಕ್ಕಿಗೆ ಹಳೆಯ ಬಳ್ಳಾರಿ ಸೀಮೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಅವರ ಹಲವು ವರ್ಷಗಳ ದುಡಿಮೆಯಿಂದ ಸಂಪೂರ್ಣ ಬೈಬಲ್ 1831ರಲ್ಲಿ ಕನ್ನಡದಲ್ಲಿ ಹೊರಬಂದಿತು. ಮುಂದೆ ಹನ್ನೆರಡು ವರ್ಷಗಳಿಗೆ, 1843ರ ಜುಲೈ 1ರಂದು, ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ನಾಡು ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತದೆ. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ಅನ್ಯರಾಜ್ಯಗಳ ಸುದ್ದಿ, ನೀತಿಮಾತು, ಕಥೆ, ಇವೆಲ್ಲವೂ ಅದರಲ್ಲಿದ್ದವು. 1844ರಲ್ಲಿ ಪತ್ರಿಕೆಯು 'ಕನ್ನಡ ಸಮಾಚಾರ'ವೆಂಬ ಹೆಸರು ತಳೆದು, ಅಚ್ಚುಮೊಳೆಗಳ ಸೌಕರ್ಯವಿದ್ದ ಬಳ್ಳಾರಿಯಲ್ಲಿ ಮುದ್ರಿತವಾಯಿತು. ಅದರ ಆಯುಸ್ಸು ದೀರ್ಘವಾಗಲಿಲ್ಲ. ಆದರೂ ಒಂದೂರಿನ ಸಣ್ಣ ಸಂಗತಿಯೂ ಇನ್ನೊಂದೂರಿನವರು ಓದಲು ಯೋಗ್ಯವೆಂಬ ಭಾವನೆ ಕನ್ನಡದ ಅಚ್ಚಿನಲ್ಲಿ ಬೇರೂರಿತು.

ಮೋಗ್ಲಿಂಗರು ಬರೆದುದು ಕನ್ನಡಿಗರಿಗೆ ಮಾತ್ರವಲ್ಲ. ಬಾಸೆಲ್ ನಗರದಿಂದ 1828ರಿಂದಲೇ ಮಿಷನ್ನಿನ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಮಂಗಳೂರು, ಧಾರವಾಡಗಳಿಂದ ಹೋದ ಕಾಗದಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಸ್ವಿಟ್ಜರ್ಲೆಂಡಿನ, ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ರೈತರೂ ಕಸುಬುದಾರರೂ ವಿಧವೆಯರೂ ಅವನ್ನು ಓದುತ್ತಿದ್ದರು. 1855ರಿಂದ ಆ ಬಡವರು ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಒಂದು ಚಿಲ್ಲರೆ ಕಾಸನ್ನು, ಎತ್ತಿಡುವ ಏರ್ಪಾಡಾಯಿತು. ತಾವೆಂದೂ ನೋಡಲಾರದ ನಾಡಿನ ಮಳೆಗಾಲ, ಜ್ವರ, ಶಾಲೆಯ ಮಕ್ಕಳು, ಮನೆಯ ಅಡುಗೆ, ಇವು ಅವರ ಸಂಜೆಯ ಮಾತಿನೊಳಗೆ ಬಂದು ಕುಳಿತುವು. ಆ ಕಾಗದಗಳಲ್ಲಿ ಮತಪ್ರಚಾರದ ಉತ್ಸಾಹವಿತ್ತು. ನಮ್ಮ ಜನರ ನಂಬಿಕೆಗಳ ಮೇಲೆ ಕಠಿಣವಾದ ಮಾತುಗಳೂ ಇದ್ದವು. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಓದುವವರನ್ನೂ ಬರೆಯುವವರನ್ನೂ ಒಂದುಗೂಡಿಸಿದ್ದು ವಾದದ ಸಾಲುಗಳಿಗಿಂತ ಹೆಚ್ಚಾಗಿ ದಿನಬಳಕೆಯ ಸಾಲುಗಳೇ.

ಕಾಗದದಲ್ಲಿ ಕೂಡಿದ ಸಂಸಾರ

ಅಂದಿನ ಮಿಷನರಿಗೆ ಮದುವೆಯೂ ಅಂಚೆಯಲ್ಲಿಯೇ. ಕೆಲವು ವರ್ಷ ದುಡಿದ ಬಳಿಕ ಅವನು ಬಾಸೆಲಿನ ಸಮಿತಿಗೆ ಕಾಗದ ಬರೆದು ಅನುಮತಿ ಬೇಡಬೇಕು. ಸಮಿತಿ ಕನ್ಯೆಯನ್ನು ಒಪ್ಪಬೇಕು. ಅನೇಕ ಹೆಣ್ಣುಗಳು ವರನ ಮುಖವನ್ನೇ ಕಾಣದೆ ಹಡಗು ಹತ್ತಿದರು. ವಧೂವರರು ಮುಖತಃ ಭೇಟಿಯಾಗುವ ಹೊತ್ತಿಗೆ ಕೈಬರಹದ ಪರಿಚಯವೊಂದೇ ಅವರ ಬಂಡವಾಳ. ನೋಡದೆ ಒಪ್ಪಿದ ಮದುವೆ ನಮ್ಮ ಅಜ್ಜಿಯರಿಗೆ ಹೊಸತೇನಲ್ಲ. ಆದರೆ ಸಮುದ್ರವನ್ನೇ ದಾಟಿ ಬಂದ ಆ ಹೆಣ್ಣುಗಳ ಧೈರ್ಯ ಬೇರೆಯದು.

ಇದೇ ಬಳಗದಲ್ಲಿ ಕನ್ನಡ ನಾಡಿನವರೇ ಒಬ್ಬರಿದ್ದರು. ಆನಂದರಾವ್ ಕೌಂಡಿನ್ಯರು ಮಂಗಳೂರಿನ ಬ್ರಾಹ್ಮಣ ಮನೆತನದ ತರುಣ, ಮೋಗ್ಲಿಂಗರ ಶಾಲೆಯ ವಿದ್ಯಾರ್ಥಿ. 1844ರಲ್ಲಿ ಅವರು ಕ್ರೈಸ್ತರಾದಾಗ ಊರೇ ಕದಡಿತು. ಒಂದು ಮನೆಯು ಮಗನನ್ನು ಕಳೆದುಕೊಂಡಿತು, ಮಗನು ಮನೆಯನ್ನು ಕಳೆದುಕೊಂಡನು. ಎರಡೂ ಕಡೆಯ ದುಃಖ ಸಮನಾಗಿಯೇ ನಿಜ. ಗುರುವಿನ ಹೆಸರಾದ ಹೆರ್ಮನ್ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡ ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರೊಂದಿಗೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. 1860ರಲ್ಲಿ ಅವರ ಕೈಹಿಡಿದವರು ಜರ್ಮನಿಯ ಮಾರೀ ರೈನ್‌ಹಾರ್ಟ್. ಆ ಕಾಲದಲ್ಲಿ ಯುರೋಪಿನ ಹೆಣ್ಣೊಬ್ಬಳು ಭಾರತೀಯನ ಮನೆ ತುಂಬುವುದು ಎರಡು ಸಮಾಜಗಳಿಗೂ ಅರಗದ ಮಾತು. ಅವರು ಸಂಸಾರ ಮಾಡಿದರು, ಮಕ್ಕಳನ್ನು ಬೆಳೆಸಿದರು. ಕೊಡಗಿನಲ್ಲಿ ಕೌಂಡಿನ್ಯರ ಹೆಸರಿನಿಂದಲೇ ಆನಂದಪುರವೆಂಬ ಊರು ನಿಂತಿತು. 1893ರಲ್ಲಿ ಅವರು ತೀರಿಕೊಂಡರು.

ಮೋಗ್ಲಿಂಗರ ಸ್ವಂತ ಬಾಳು ಸ್ನೇಹದ ಇನ್ನೊಂದು ಮುಖವನ್ನು ತೋರಿಸುತ್ತದೆ. ಗಾಟ್‌ಫ್ರೀಡ್ ವೀಗ್ಲೆಯವರು ಅವರ ಆಪ್ತ ಗೆಳೆಯರು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ಶ್ರಮಿಸಿದವರು. 1855ರಲ್ಲಿ ವೀಗ್ಲೆಯವರು ಕಾಲವಾದಾಗ ಪತ್ನಿ ಪೌಲೀನಾ ಮಕ್ಕಳೊಂದಿಗೆ ಉಳಿದರು. ಅಲ್ಲಿಯವರೆಗೆ ಒಂಟಿಯಾಗಿದ್ದ ಮೋಗ್ಲಿಂಗರು ಮುಂದೆ ಆಕೆಯನ್ನು ವರಿಸಿ ಗೆಳೆಯನ ಮನೆಗೆ ತಾವೇ ಆಸರೆಯಾದರು. ಪೌಲೀನಾರ ಆರೋಗ್ಯ ಕೆಟ್ಟುದರಿಂದ 1860ರಲ್ಲಿ, ಕಾಲು ಶತಮಾನದಷ್ಟು ಬಾಳಿದ ನಾಡನ್ನು ಬಿಟ್ಟು ಹೊರಟರು. ದಾಸರ ಪದಗಳನ್ನೂ ಬಸವಪುರಾಣ, ಜೈಮಿನಿ ಭಾರತಗಳನ್ನೂ ಕಲ್ಲಚ್ಚಿನಲ್ಲಿ ಕಾಪಾಡಿಕೊಟ್ಟ ಈ ಪಂಡಿತರು ಹೆಂಡತಿಯ ಜೀವಕ್ಕಾಗಿ ಆ ಕೆಲಸವನ್ನು ಕೆಳಗಿಟ್ಟರೆಂಬುದು ನೆನೆಯತಕ್ಕ ಮಾತು. ಅವರು ತೀರಿದ ಮರುವರ್ಷ, 1882ರಲ್ಲಿ, ಅವರ ಜೀವನಚರಿತ್ರೆಯನ್ನು ಬರೆದವರು ಮಲಯಾಳದ ನಿಘಂಟುಕಾರರಾದ ಗೆಳೆಯ ಹೆರ್ಮನ್ ಗುಂಡರ್ಟರು.

ಮಕ್ಕಳನ್ನು ಕಳುಹಿಸಿದ ತಾಯಂದಿರು

ಈ ಮನೆಗಳ ಅತಿ ಕಠಿಣವಾದ ಪರೀಕ್ಷೆ ಮಕ್ಕಳದು. ಹವೆ, ರೋಗ, ಶಿಕ್ಷಣಗಳ ಕಾರಣದಿಂದ ಆರು ವರ್ಷ ತುಂಬುವ ಹೊತ್ತಿಗೆ ಮಗುವನ್ನು ಯುರೋಪಿಗೆ ಕಳುಹಿಸಬೇಕೆಂಬುದು ಮಿಷನ್ನಿನ ಪದ್ಧತಿ. ಅವರಿಗಾಗಿಯೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ನಿಲಯ ತೆರೆಯಿತು. ಬಂದರಿನಲ್ಲಿ ಬಿಟ್ಟ ಮಗುವನ್ನು ತಾಯಿ ಮತ್ತೆ ಕಾಣುವಾಗ ಅದು ಎದೆಯೆತ್ತರಕ್ಕೆ ಬೆಳೆದಿರುತ್ತಿತ್ತು; ಕಾಣದೆಯೇ ಕಣ್ಣು ಮುಚ್ಚಿದ ತಾಯಂದಿರೂ ಉಂಟು. ನಡುವಿನ ವರ್ಷಗಳಲ್ಲಿ ಹಲ್ಲು ಬಿದ್ದುದು, ಪಾಠ ಒಪ್ಪಿಸಿದುದು, ಅಂಗಿ ಚಿಕ್ಕದಾದುದು ಎಲ್ಲವೂ ತಾಯಿಗೆ ತಿಳಿಯುವುದು ಕಾಗದದಿಂದ. ಒಂದು ಪ್ರಶ್ನೆಗೆ ಉತ್ತರ ಬರಲು ತಿಂಗಳುಗಳೇ ಸಲ್ಲುವವು.

ಗುಂಡರ್ಟರ ಮಗಳು ಮಾರೀ ಮಲಬಾರಿನಲ್ಲಿ 1842ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, 1857ರಲ್ಲಿ ತಂದೆತಾಯಿಗಳ ಬಳಿಗೆ ಮರಳಿದಳು. ಬೆಳೆದ ಮಗಳೂ ಹೆತ್ತವರೂ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ದಿನಚರಿ ಬರೆಯುವ, ಕಾಗದ ಬರೆಯುವ ಅಭ್ಯಾಸ ಆಕೆಯಲ್ಲಿ ಕೊನೆಯವರೆಗೂ ಉಳಿಯಿತು. ಆಕೆಯ ಎರಡನೆಯ ಪತಿ ಯೋಹಾನೆಸ್ ಹೆಸ್ಸೆ. ಅವರೂ ಕೆಲವು ವರ್ಷ ಮಂಗಳೂರಿನಲ್ಲಿದ್ದವರು. ಅವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹೆರ್ಮನ್ ಹೆಸ್ಸೆ.

ದೊಡ್ಡವರ ಹೆಸರಿನಿಂದ ಈ ಕಾಗದಗಳಿಗೆ ಬೆಲೆ ಬಂದಿತೆಂದು ಭಾವಿಸಬಾರದು. ಬಾಸೆಲಿನ ಭಂಡಾರದಲ್ಲಿ ಹೆಸರಿಲ್ಲದ ಎಷ್ಟೋ ಗೃಹಿಣಿಯರ, ಉಪಾಧ್ಯಾಯರ ಬರವಣಿಗೆಯನ್ನೂ ಕಾಪಾಡಿದ್ದಾರೆ. ನಮ್ಮ ಕರಾವಳಿಯ ಜನ ಏನು ಉಣ್ಣುತ್ತಿದ್ದರು, ಯಾವ ಜ್ವರಕ್ಕೆ ಹೆದರುತ್ತಿದ್ದರು, ಶಾಲೆಗೆ ಹೆಣ್ಣುಮಕ್ಕಳನ್ನು ಹೇಗೆ ಕರೆತಂದರು ಎಂಬುದನ್ನು ತಿಳಿಯಲು ವಿದ್ವಾಂಸರು ಇಂದು ಅಲ್ಲಿಗೆ ಹೋಗುತ್ತಾರೆ. ಅಂದು ಸಾಮಾನ್ಯವೆನಿಸಿದ ಸಾಲುಗಳೇ ಇಂದು ಚರಿತ್ರೆ.

ಕಾಲಾಣೆಯ ಕಾರ್ಡು

ಅಂಚೆಯ ಸೌಕರ್ಯ ಬಡವರಿಗೂ ಎಟುಕಿದ್ದು ಕ್ರಮೇಣ. 1854ರಲ್ಲಿ ಅರ್ಧ ಆಣೆಯ ಅಂಚೆಚೀಟಿ ದೇಶಕ್ಕೆಲ್ಲ ಒಂದಾಗಿ ಬಂದಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಆ ಕಾರ್ಡೇ ಮುಂದೆ ನಮ್ಮ ಒಳನಾಡಿನ ಮನೆಗಳ ಗೆಳೆತನಕ್ಕೆ ಆಧಾರವಾಯಿತು. ವರ್ಗವಾಗಿ ಹೋದ ಉಪಾಧ್ಯಾಯಿನಿಗೆ, ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವಳಿಗೆ, ಸಭಾಪತ್ರಿಕೆಯಲ್ಲಿ ವಿಳಾಸ ನೋಡಿದ ಕುಟುಂಬಕ್ಕೆ ಬರೆದ ಎರಡು ಸಾಲು ಎಷ್ಟೋ ಮನೆಗಳಲ್ಲಿ ಮೂವತ್ತು ವರ್ಷದ ಸ್ನೇಹಕ್ಕೆ ನಾಂದಿಯಾಗಿದೆ. ಬರೆದುದಾದರೂ ಏನು? ಮಳೆ ಬಂದಿತು, ಬಾವಿ ತುಂಬಿತು, ಹಿರಿಯವನಿಗೆ ಕೆಲಸವಾಯಿತು, ಅತ್ತೆಯವರಿಗೆ ಕಣ್ಣು ಕಾಣಿಸದು, ನಮಗಾಗಿ ಪ್ರಾರ್ಥಿಸಿರಿ. ಈ ಕೊನೆಯ ಮಾತಿನ ಬಲ ಅಪಾರ. ಯಾರೋ ಎಲ್ಲಿಯೋ ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮ ಮನೆಯ ಹೆಸರನ್ನು ಎತ್ತುತ್ತಾರೆಂಬ ಅರಿವು ಒಂಟಿ ಮನೆಯ ಗೋಡೆಗಳನ್ನು ಅಗಲಗೊಳಿಸುತ್ತದೆ.

ಇಂದು ಅಂಚೆಯಣ್ಣನ ಚೀಲದಲ್ಲಿ ಮನೆಯ ಸುದ್ದಿ ವಿರಳ. ಜಗಳೂರಿನ ತಾಯಿ ದೂರದೇಶದ ಮಗನ ಮುಖವನ್ನು ಅಂಗೈಯಲ್ಲಿಯೇ ಕಾಣುತ್ತಾಳೆ. ಆರು ವರ್ಷದ ಮಗುವನ್ನು ಹಡಗಿಗೇರಿಸಿದ ತಾಯಂದಿರು ಇದನ್ನು ಕಂಡಿದ್ದರೆ ಕೈಮುಗಿಯುತ್ತಿದ್ದರು. ಈ ಸುಖವನ್ನು ಹಳಿಯುವುದು ಕೃತಘ್ನತೆ. ಆದರೆ ಆಡಿದ ಮಾತು ಆಡಿದೊಡನೆ ಆರಿಹೋಗುತ್ತದೆ. ಕಡಲಾಚೆಯವರ ಮನೆವಾರ್ತೆ ಭದ್ರವಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಬೆರಳೆಣಿಕೆಯ ಮನೆಗಳ ವಾರ್ತೆ ತಗಡಿನ ಪೆಟ್ಟಿಗೆಗಳಲ್ಲಿ, ವೇದಪುಸ್ತಕದ ಹಾಳೆಗಳ ನಡುವೆ, ಗೆದ್ದಲಿಗೆ ಕಾಯುತ್ತಿದೆ. ಹೆಚ್ಚು ಜನವಿರುವ ಸಮುದಾಯಕ್ಕೆ ಒಂದು ಪೆಟ್ಟಿಗೆ ಹೋದರೆ ಇನ್ನೊಂದುಂಟು. ನೂರಕ್ಕೊಬ್ಬರೂ ಇಲ್ಲದಲ್ಲಿ ಒಂದು ಪೆಟ್ಟಿಗೆ ಹಾಳಾದರೆ ಒಂದು ಬೀದಿಯ ನೆನಪೇ ಹಾಳು.

ಆದುದರಿಂದ ಅಟ್ಟ ಗುಡಿಸುವಾಗ ಕೈಗೆ ಸಿಕ್ಕ ಹಳೆಯ ಕಾಗದದ ಕಟ್ಟನ್ನು ಒಲೆಗೆ ಹಾಕುವ ಮುನ್ನ ಗೃಹಿಣಿಯರು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಬರೆದವರಾರು, ಯಾವ ವರುಷ, ಯಾವ ಊರು ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಅಂಚಿನಲ್ಲಿ ಗುರುತು ಹಾಕಿಡಬೇಕು. ಸಾಧ್ಯವಾದರೆ ವಾರಕ್ಕೊಂದು ಪುಟವನ್ನು ತಾವೂ ಬರೆಯಬೇಕು: ಈ ದಿನ ಏನು ಅಡುಗೆಯಾಯಿತು, ಯಾರು ಬಂದರು, ಯಾವ ಚಿಂತೆ ಕಳೆಯಿತು. ಓದುವವರು ಯಾರೆಂದು ಬರೆಯುವವರಿಗೆ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದವರೇ ಓದಿ ನಂಟರಾದ ಕಥೆ ನಮ್ಮ ನಾಡಿನದೇ ಅಲ್ಲವೇ?