ಎಪಾಕ್ಸಿ ಲೇಪನ: ಉದ್ಯಮಕ್ಕೆ ತಕ್ಕ ಮಿಶ್ರಣ

ಎಪಾಕ್ಸಿ ಲೇಪನದ ಕೊಟೇಷನ್‌ಗಳನ್ನು ತುಲನೆ ಮಾಡುವಾಗ ಲೀಟರಿನ ದರವೊಂದನ್ನೇ ನೋಡುವ ರೂಢಿ ಅನೇಕ ಉದ್ದಿಮೆದಾರರಲ್ಲಿದೆ. ಆದರೆ ಎಪಾಕ್ಸಿ ಎಂಬುದು ಒಂದೇ ಬಗೆಯ ಸರಕಲ್ಲ. ರೆಸಿನ್ ಮತ್ತು ಹಾರ್ಡನರ್ ಬೆರೆತಾಗ ಉಂಟಾಗುವ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ. ಇವೆರಡರ ಆಯ್ಕೆ ಬದಲಾದಂತೆ ಲೇಪನದ ಗುಣವೂ ಬದಲಾಗುತ್ತದೆ.

ತೀಕ್ಷ್ಣ ಆಮ್ಲಗಳನ್ನು ತುಂಬುವ ಟ್ಯಾಂಕಿಗೆ ಅಣುಬಂಧ ದಟ್ಟವಾಗಿರುವ ನೊವೊಲಾಕ್ ರೆಸಿನ್ ಸೂಕ್ತ. ನೀರು, ತೇವಗಳಿಗೆ ಒಡ್ಡಿಕೊಳ್ಳುವ ಉಕ್ಕಿಗೆ ಬಾಗುವ ಗುಣವುಳ್ಳ ಪಾಲಿಅಮೈಡ್ ಹಾರ್ಡನರ್ ಒಗ್ಗುತ್ತದೆ. ಔಷಧ ಕಾರ್ಖಾನೆಯ ನೆಲಕ್ಕೆ ಬೆಸುಗೆಯಿಲ್ಲದೆ ಸಮತಟ್ಟಾಗಿ ಹರಡುವ, ದ್ರಾವಕರಹಿತ ಮಿಶ್ರಣವನ್ನು ಬಳಸುತ್ತಾರೆ. ಬಿಸಿಲಿನಲ್ಲಿ ಎಪಾಕ್ಸಿಯ ಮೇಲ್ಮೈ ಪುಡಿಯೇಳುವುದರಿಂದ ಹೊರಾಂಗಣದಲ್ಲಿ ಅದರ ಮೇಲೆ ಪಾಲಿಯುರೆಥೇನ್ ಲೇಪವನ್ನು ಕೊಡುವುದು ವಾಡಿಕೆ. ಆಹಾರದ ಡಬ್ಬಿಗಳ ಒಳಲೇಪನಕ್ಕೆ ಕಾನೂನೂ ಅನ್ವಯಿಸುತ್ತದೆ: ಆಹಾರ ಸಂಪರ್ಕದ ವಸ್ತುಗಳಲ್ಲಿ ಬಿಸ್ಫಿನಾಲ್-ಎ ಬಳಕೆಯನ್ನು ನಿಷೇಧಿಸುವ ನಿಯಮವನ್ನು ಐರೋಪ್ಯ ಒಕ್ಕೂಟವು 2024ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದೆ. ರಫ್ತುದಾರರು ಇದನ್ನು ಗಮನಿಸತಕ್ಕದ್ದು.

ಇನ್ನು ಲೆಕ್ಕದ ವಿಚಾರ. ಒಣಗಿದ ಪದರವು 100 ಮೈಕ್ರಾನ್ ಇರಬೇಕೆಂದಿಟ್ಟುಕೊಳ್ಳೋಣ. ಗಾತ್ರದಲ್ಲಿ ಶೇ. 50 ಘನಾಂಶವುಳ್ಳ ಲೇಪನವು ಲೀಟರಿಗೆ 5 ಚದರ ಮೀಟರ್, ಶೇ. 100 ಘನಾಂಶದ್ದು 10 ಚದರ ಮೀಟರ್ ಆವರಿಸುತ್ತದೆ. ಮೊದಲನೆಯದರ ದರ ಲೀಟರಿಗೆ 400 ರೂಪಾಯಿ, ಎರಡನೆಯದರದು 600 ಆಗಿದ್ದಲ್ಲಿ, ಪೋಲನ್ನು ಬಿಟ್ಟು ಚದರ ಮೀಟರಿಗೆ ತಗಲುವ ವೆಚ್ಚ ಕ್ರಮವಾಗಿ 80 ಮತ್ತು 60 ರೂಪಾಯಿ. ಅಗ್ಗವೆಂದು ತೋರಿದ್ದೇ ದುಬಾರಿ!

ಆದುದರಿಂದ ಖರೀದಿ ಆದೇಶದಲ್ಲಿ ಬಳಕೆಯ ಸ್ಥಳ, ತಗಲುವ ರಾಸಾಯನಿಕ, ಉಷ್ಣತೆ, ಘನಾಂಶ ಹಾಗೂ ಒಣಪದರದ ದಪ್ಪವನ್ನು ತಪ್ಪದೆ ನಮೂದಿಸುವುದು ಹಿತಕರ.